ಬಿಜೈಗೆ ಬಂದ ಪಾರ್ಕಿಂಗ್ ನೋಟಿಸು: ಕಟ್ಟಲೂ ಇಲ್ಲ, ಹರಿದು ಬಿಸಾಡಲೂ ಇಲ್ಲ

2024ರ ಜುಲೈ ಕೊನೆಯ ವಾರ. ನಮ್ಮ ಮನೆ ಮಂಗಳೂರಿನ ಬಿಜೈಯಲ್ಲಿ. ಇಲ್ಲಿನ ಮಳೆ, ಗೊತ್ತಲ್ಲ. ಪೋಸ್ಟ್‌ಮ್ಯಾನ್ ರೈನ್‌ಕೋಟಿನ ಒಳಗಿಂದ ತೆಗೆದು ಕೊಟ್ಟ ಲಕೋಟೆ ಅರ್ಧ ಒದ್ದೆಯಾಗಿತ್ತು. ಇಂಗ್ಲೆಂಡಿನಿಂದ ಬಂದದ್ದು. ಮಗಳು ಏನೋ ಕಳಿಸಿದ್ದಾಳೆ ಅಂತ ನನ್ನ ಹೆಂಡತಿ ಖುಷಿಯಿಂದ ಒಡೆದಳು. ಒಳಗಿದ್ದದ್ದು ಒಂದು ಕಾರಿನ ಎರಡು ಫೋಟೋ. ಒಂದು ಒಳಗೆ ಹೋಗುವಾಗಿನದು, ಇನ್ನೊಂದು ಹೊರಗೆ ಬರುವಾಗಿನದು. ಕೆಳಗೆ ದಪ್ಪ ಅಕ್ಷರದಲ್ಲಿ 100 ಪೌಂಡ್. 14 ದಿನದೊಳಗೆ ಕಟ್ಟಿದರೆ 60. ಕಾಗದದ ಮೇಲಿನ ತಾರೀಕು ನೋಡಿದರೆ ಆ 14 ದಿನ ಅಂಚೆಯಲ್ಲೇ ಕಳೆದು ಹೋಗಿತ್ತು.

ಮೇ ತಿಂಗಳಲ್ಲಿ ನಾವಿಬ್ಬರು ಮಗಳ ಮನೆಗೆ ಹೋಗಿದ್ದೆವು. ಅವರ ಹತ್ತಿರ ಕಾರಿಲ್ಲ. ಒಂದು ವಾರದ ಮಟ್ಟಿಗೆ ನನ್ನ ಹೆಸರಲ್ಲೇ ಬಾಡಿಗೆ ಕಾರು ತೆಗೆದುಕೊಂಡೆ. ಪ್ರವಾಸಕ್ಕೆ ಹೋದವರು ನಮ್ಮ ಲೈಸೆನ್ಸಿನಲ್ಲೇ ಅಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು. ವಾಪಸ್ ಬರುವ ಎರಡು ದಿನ ಮೊದಲು ಊರಿನವರಿಗೆಲ್ಲ ಚಾಕೊಲೇಟ್ ತರಲು ಒಂದು ದೊಡ್ಡ ಅಂಗಡಿ ಸಾಲಿಗೆ ಹೋದೆವು. ಎರಡು ಗಂಟೆ ಪಾರ್ಕಿಂಗ್ ಫ್ರೀ. ಅತ್ತಿಗೆಗೆ ಯಾವುದು, ಪಕ್ಕದ ಮನೆಯವರಿಗೆ ಯಾವುದು, ಸಕ್ಕರೆ ಕಾಯಿಲೆಯವರಿಗೆ ಯಾವುದು ಅಂತ ಲೆಕ್ಕ ಹಾಕುವಷ್ಟರಲ್ಲಿ 2 ಗಂಟೆ 19 ನಿಮಿಷ ಆಗಿತ್ತು.

ಈಗ ಮನೆಯಲ್ಲಿ ಮೂರು ಪಕ್ಷ ಹುಟ್ಟಿದವು.

"ತಪ್ಪು ನಮ್ಮದೇ ಅಲ್ವಾ? ಕಟ್ಟಿ ಬಿಡಿ, ನಿದ್ದೆಯಾದರೂ ಬರ್ತದೆ" ಅಂದಳು ಹೆಂಡತಿ. ಅವಳ ತಮ್ಮ, "ಎಂತ ಕಟ್ಟುವುದು ಬಾವ? ಹರಿದು ಬಿಸಾಡಿ. ಅವರು ವಿಮಾನ ಹತ್ತಿ ಬಿಜೈಗೆ ಬಂದು ವಸೂಲಿ ಮಾಡ್ತಾರಾ?" ಅಂದ. ನನ್ನ ತಮ್ಮನ ಮಗನದ್ದು ಮೂರನೇ ದಾರಿ. "ದೊಡ್ಡಪ್ಪ, ಕಾಯಿರಿ. 2023ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಬಾಕಿ ಟ್ರಾಫಿಕ್ ದಂಡಕ್ಕೆ 50 ಪರ್ಸೆಂಟ್ ಬಿಟ್ಟಿರಲಿಲ್ವಾ? ಅಲ್ಲೂ ಬಿಡ್ತಾರೆ."

ನಾನು 32 ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ ಇದ್ದವನು. ಯಾರಾದರೂ ದುಡ್ಡು ಕೇಳಿದರೆ ಕೊಡಬೇಕೋ ಬೇಡವೋ ಅನ್ನುವ ಮೊದಲು, ಕೇಳುತ್ತಿರುವವರು ಯಾರು, ಯಾವ ಕಾಗದದ ಬಲದಲ್ಲಿ ಕೇಳುತ್ತಿದ್ದಾರೆ ಅಂತ ನೋಡುವುದು ಅಭ್ಯಾಸ. ಹಾಗಾಗಿ ಕಾಗದವನ್ನು ಫ್ಯಾನಿನ ಕೆಳಗೆ ಒಣಗಿಸಿ ಕನ್ನಡಕ ಹಾಕಿಕೊಂಡು ಕೂತೆ.

ಮೊದಲು ಕಂಡದ್ದು ತಲೆಬರಹ. ಅದು 'ಪೆನಾಲ್ಟಿ ಚಾರ್ಜ್ ನೋಟಿಸ್' ಅಲ್ಲ, 'ಪಾರ್ಕಿಂಗ್ ಚಾರ್ಜ್ ನೋಟಿಸ್'. ಎರಡಕ್ಕೂ ಅಲ್ಲಿ ಪಿಸಿಎನ್ ಅಂತಲೇ ಹೇಳುತ್ತಾರೆ. ಪೆನಾಲ್ಟಿ ಅಂತಿದ್ದರೆ ಅದು ಅಲ್ಲಿನ ನಗರ ಆಡಳಿತದ್ದು, ಕಾನೂನಿನ ದಂಡ. ಪಾರ್ಕಿಂಗ್ ಚಾರ್ಜ್ ಅಂತಿದ್ದರೆ ಖಾಸಗಿ ಕಂಪನಿಯ ಬೇಡಿಕೆ. ಬೋರ್ಡಿನಲ್ಲಿ ಷರತ್ತು ಬರೆದಿತ್ತು, ನೀವು ಗಾಡಿ ನಿಲ್ಲಿಸಿದಿರಿ, ಅಲ್ಲಿಗೆ ಕರಾರು ಆಯಿತು, ನೀವು ಕರಾರು ಮುರಿದಿರಿ ಅನ್ನುವುದು ಅವರ ವಾದ. ಅಂದರೆ ಇದು ದಂಡವಲ್ಲ, ಒಬ್ಬ ಸಾಲಗಾರನಿಗೆ ಬಂದ ಡಿಮ್ಯಾಂಡ್ ನೋಟಿಸ್ ಇದ್ದ ಹಾಗೆ. ಅದರ ಭಾಷೆ ನನಗೆ ಗೊತ್ತು.

ಗೊತ್ತು ಅಂದುಕೊಂಡದ್ದೇ ಎಡವಟ್ಟಾಯಿತು. ನಮ್ಮ 1872ರ ಕಾಂಟ್ರ್ಯಾಕ್ಟ್ ಆ್ಯಕ್ಟಿನ 74ನೇ ಸೆಕ್ಷನ್ ನನಗೆ ಬಾಯಿಪಾಠ. ಕರಾರಿನಲ್ಲಿ ಎಷ್ಟೇ ಮೊತ್ತ ಬರೆದಿರಲಿ, ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. 19 ನಿಮಿಷಕ್ಕೆ 100 ಪೌಂಡ್, ಆಗಿನ ಲೆಕ್ಕದಲ್ಲಿ ಸುಮಾರು 10,700 ರೂಪಾಯಿ, ಯಾವ ಸೀಮೆಯ ನ್ಯಾಯ? ಜೋರಾಗಿ ಒಂದು ಉತ್ತರ ಬರೆದು ಕೊಡಿಯಾಲ್‌ಬೈಲಿನಲ್ಲಿ ಆಫೀಸಿರುವ ವಕೀಲ ಮಿತ್ರನಿಗೆ ತೋರಿಸಿದೆ. ಅವನು ಓದಿ ನಕ್ಕ. "ಇದು ನಮ್ಮ ಕಾಯ್ದೆ ಮಾರಾಯ. ಅಲ್ಲಿಯವರು ಬೇರೆ ದಾರಿ ಹಿಡಿದಿದ್ದಾರೆ."

ಅವನು ಹೇಳಿದ್ದು 2015ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೊಟ್ಟ ಬೀವಿಸ್ ತೀರ್ಪಿನ ಬಗ್ಗೆ. ಚೆಲ್ಮ್ಸ್‌ಫರ್ಡ್ ಎಂಬ ಊರಿನ ಅಂಗಡಿ ಸಾಲಿನಲ್ಲಿ ಬ್ಯಾರಿ ಬೀವಿಸ್ ಎರಡು ಗಂಟೆಯ ಫ್ರೀ ಪಾರ್ಕಿಂಗ್ ಮೀರಿ 56 ನಿಮಿಷ ನಿಂತರು. 85 ಪೌಂಡ್ ಕೇಳಿದರು. 'ನಿಮಗೆ ನಷ್ಟವೇ ಆಗಿಲ್ಲವಲ್ಲ' ಅಂತ ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು, ಸೋತರು. ಜಾಗ ಖಾಲಿಯಾಗುತ್ತಾ ಇರಬೇಕು, ಬೇರೆ ಗಿರಾಕಿಗಳಿಗೂ ಸಿಗಬೇಕು ಅನ್ನುವುದರಲ್ಲಿ ಕಂಪನಿಗೆ ನ್ಯಾಯವಾದ ಹಿತ ಇದೆ, 85 ಪೌಂಡ್ ಅತಿಯಾಯಿತು ಅನ್ನಲಾಗದು ಅಂತ ಕೋರ್ಟು ಹೇಳಿತು. ನನ್ನದು ಹೆಚ್ಚುಕಮ್ಮಿ ಅದೇ ಕಥೆ. ಎರಡು ಪುಟದ ನನ್ನ ಉತ್ತರ ಕಸದ ಬುಟ್ಟಿಗೆ ಹೋಯಿತು.

ಹಾಗಾದರೆ ಬಾವಮೈದುನ ಹೇಳಿದ ಹಾಗೆ ಸುಮ್ಮನಿದ್ದರೆ? ಅದಕ್ಕೆ ಉತ್ತರ ನಮ್ಮ ಫ್ಲ್ಯಾಟಿನ ಮೇಲಿನ ಮನೆಯಲ್ಲೇ ಇತ್ತು. ಅವರ ಮಗ ಅಲ್ಲಿ ಓದಿ ಕೆಲಸಕ್ಕೆ ಸೇರಿದವನು. ಹಳೇ ಕಾರೊಂದು ಕೊಂಡಿದ್ದ. ಇಂಥದ್ದೇ ನೋಟಿಸು ಬಂದಾಗ ಗೆಳೆಯರು 'ಬಿಸಾಡು, ಏನೂ ಆಗಲ್ಲ' ಅಂದರಂತೆ. ಆ ಮಾತಿಗೆ ಒಂದು ಕಾಲದಲ್ಲಿ ಅರ್ಥ ಇತ್ತು. ಓಡಿಸಿದ್ದು ಯಾರು ಅಂತ ಗೊತ್ತಿಲ್ಲದಿದ್ದರೆ ಕಂಪನಿ ಯಾರನ್ನೂ ಹಿಡಿಯಲು ಆಗುತ್ತಿರಲಿಲ್ಲ. 2012ರಲ್ಲಿ ಕಾನೂನು ಬದಲಾಯಿತು. ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು ನಿಲ್ಲಿಸಿದರು, ಬದಲಿಗೆ ಗಾಡಿ ಯಾರ ಹೆಸರಲ್ಲಿದೆಯೋ ಅವರಿಂದಲೇ ವಸೂಲಿ ಮಾಡುವ ದಾರಿ ಕೊಟ್ಟರು. ಅಲ್ಲಿನ ಆರ್‌ಟಿಒ ಇದ್ದ ಹಾಗಿರುವ ಇಲಾಖೆಗೆ 2.50 ಪೌಂಡ್ ಕೊಟ್ಟರೆ ಕಂಪನಿಗೆ ಹೆಸರು, ವಿಳಾಸ ಸಿಗುತ್ತದೆ.

ಹುಡುಗ ಮನೆ ಬದಲಾಯಿಸಿದ. ಕಾರಿನ ದಾಖಲೆಯಲ್ಲಿ ವಿಳಾಸ ಬದಲಾಯಿಸಲಿಲ್ಲ. ವಸೂಲಿ ಏಜೆನ್ಸಿಯ ಕಾಗದ, ಆಮೇಲೆ ಕೋರ್ಟಿನ ಕಾಗದ, ಎಲ್ಲ ಹಳೇ ಮನೆಗೆ ಹೋದವು. ಉತ್ತರ ಬರಲಿಲ್ಲ ಅಂತ ಕೋರ್ಟು ಅವನ ವಿರುದ್ಧ ತೀರ್ಪು ಕೊಟ್ಟಿತು. 100 ಇದ್ದದ್ದು ಖರ್ಚು ಸೇರಿ 250 ದಾಟಿತು. ಹೊಸ ಮನೆ ಬಾಡಿಗೆಗೆ ಕೇಳಿದಾಗಲೇ ಅವನಿಗೆ ವಿಷಯ ಗೊತ್ತಾದದ್ದು. ಇಂಥ ತೀರ್ಪನ್ನು ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ದಾಖಲೆಯಿಂದ ತೆಗೆಯುತ್ತಾರೆ. ಇಲ್ಲದಿದ್ದರೆ ಆರು ವರ್ಷ ಕೂತಿರುತ್ತದೆ, ನಮ್ಮ ಸಿಬಿಲ್‌ನಲ್ಲಿ ಕಪ್ಪು ಚುಕ್ಕೆ ಕೂತ ಹಾಗೆ.

ನನಗೆ ಅಲ್ಲಿ ಸಾಲವೂ ಬೇಡ, ಮನೆಯೂ ಬೇಡ. ಆದರೂ ಮಗಳು ಅಲ್ಲಿದ್ದಾಳೆ, ಮತ್ತೆ ಹೋಗಬೇಕು, ಮತ್ತೆ ಕಾರು ಬೇಕು. ಕಾಗದವನ್ನು ಇಟ್ಟುಕೊಂಡು ಸುಮ್ಮನೆ ಕೂರುವುದು ನನ್ನ ಜಾಯಮಾನವೂ ಅಲ್ಲ.

ತಮ್ಮನ ಮಗನ ರಿಯಾಯಿತಿ ಆಸೆಯನ್ನು ಒಂದೇ ಮಾತಲ್ಲಿ ಮುಗಿಸಿದೆ. ಅಲ್ಲಿ ಲೆಕ್ಕ ಉಲ್ಟಾ. ಬೇಗ ಕಟ್ಟಿದರೆ ಕಡಿಮೆ, ಕಾದಷ್ಟೂ ಜಾಸ್ತಿ.

ಇನ್ನು ಉಳಿದದ್ದು ಕಾಗದಪತ್ರ. 2012ರ ಆ ಕಾಯ್ದೆಯ ನಾಲ್ಕನೇ ಶೆಡ್ಯೂಲನ್ನು ಬ್ರಿಟಿಷ್ ಸರ್ಕಾರದ ಕಾನೂನು ತಾಣದಿಂದ ಪ್ರಿಂಟ್ ತೆಗೆದೆ. ಎಷ್ಟು ಪುಟವೋ ಅಷ್ಟು ಚಹಾ. 13 ಮತ್ತು 14ನೇ ಪ್ಯಾರಾ ಬಾಡಿಗೆ ಕಾರಿನದ್ದು. ಓದುತ್ತಾ ಓದುತ್ತಾ ಹಳೇ ಇನ್ಸ್‌ಪೆಕ್ಷನ್ ದಿನಗಳು ನೆನಪಾದವು. ನೋಟಿಸು ಮೊದಲು ಬಾಡಿಗೆ ಕಂಪನಿಗೆ ಹೋಗುತ್ತದೆ. ಅವರು 28 ದಿನದೊಳಗೆ ಮೂರು ಕಾಗದ ಕೊಟ್ಟರೆ ಅವರ ಹೊಣೆ ಕಳೆಯುತ್ತದೆ: ಗಾಡಿ ಇಂಥವರಿಗೆ ಬಾಡಿಗೆಗೆ ಕೊಟ್ಟಿದ್ದೆವು ಅನ್ನುವ ಸಹಿ ಮಾಡಿದ ಹೇಳಿಕೆ, ಬಾಡಿಗೆ ಕರಾರಿನ ಪ್ರತಿ, ಪಾರ್ಕಿಂಗ್ ಚಾರ್ಜು ಬಂದರೆ ನನ್ನ ಹೊಣೆ ಅಂತ ಬಾಡಿಗೆದಾರ ಸಹಿ ಹಾಕಿದ ಕಾಗದದ ಪ್ರತಿ. ಆಮೇಲೆ ಪಾರ್ಕಿಂಗ್ ಕಂಪನಿ 21 ದಿನದೊಳಗೆ ಬಾಡಿಗೆದಾರನಿಗೆ ನೋಟಿಸು ಕೊಡಬೇಕು. ಬರೀ ನೋಟಿಸು ಸಾಲದು. ಆ ಮೂರು ಕಾಗದದ ಪ್ರತಿ, ಜೊತೆಗೆ ಮೊದಲಿನ ನೋಟಿಸಿನ ಪ್ರತಿ, ಎಲ್ಲ ಒಟ್ಟಿಗೇ ಇರಬೇಕು. ಇಲ್ಲದಿದ್ದರೆ ಓಡಿಸಿದವರನ್ನು ಹಿಡಿಯಬಹುದೇ ಹೊರತು ಬಾಡಿಗೆದಾರ ಅನ್ನುವ ಕಾರಣಕ್ಕೆ ನನ್ನನ್ನು ಹಿಡಿಯುವ ಹಾಗಿಲ್ಲ.

ಲಕೋಟೆಯನ್ನು ತಲೆಕೆಳಗೆ ಮಾಡಿ ಅಲ್ಲಾಡಿಸಿದೆ. ಒಂದೇ ಹಾಳೆ. ನಾಲ್ಕು ಪ್ರತಿಗಳಲ್ಲಿ ಒಂದೂ ಇರಲಿಲ್ಲ.

ಹೆಂಡತಿಗೆ ಇದು ಹಿಡಿಸಲಿಲ್ಲ. "ನಿಂತದ್ದು ಹೌದು ತಾನೆ? ಕಾಗದ ಇಲ್ಲ ಅಂತ ತಪ್ಪಿಸಿಕೊಳ್ಳುವುದಾ?" ಅಂದಳು. ಅವಳ ಮಾತಿನಲ್ಲಿ ತೂಕ ಇತ್ತು, ಎರಡು ದಿನ ಯೋಚಿಸಿದೆ. ಕೊನೆಗೆ ನನಗೆ ಅನ್ನಿಸಿದ್ದು ಇಷ್ಟು. 19 ನಿಮಿಷಕ್ಕೆ ಒಂದು ಕ್ಷಣದ ಮಾಫಿ ಇಲ್ಲದೆ 100 ಪೌಂಡ್ ಕೇಳುವವರು ತಮ್ಮ ಪಾಲಿನ ನಿಯಮವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪಾಲಿಸಬೇಕು. ಕಾಗದಗಳೆಲ್ಲ ಸರಿಯಾಗಿ ಬಂದಿದ್ದರೆ ಅಂಚೆ ತಡವಾಯಿತು ಅಂತ ಬರೆದು 60ಕ್ಕೆ ಕೇಳಿ ಕಟ್ಟುತ್ತಿದ್ದೆ, ಅದರಲ್ಲಿ ಅನುಮಾನ ಇಲ್ಲ.

ನನ್ನ ಮೇಲ್ಮನವಿ ಆರೇಳು ಸಾಲು, ಅಷ್ಟೇ. ನಾನು ಈ ಗಾಡಿಯ ಬಾಡಿಗೆದಾರ. ನಿಮ್ಮ ನೋಟಿಸಿನ ಜೊತೆ 14ನೇ ಪ್ಯಾರಾ ಕೇಳುವ ಪ್ರತಿಗಳು ಇಲ್ಲ. ಹಾಗಾಗಿ ನನ್ನ ಮೇಲೆ ಹೊಣೆ ಬರುವುದಿಲ್ಲ, ನೋಟಿಸು ರದ್ದು ಮಾಡಿ. 'ನಾನು ನಿಲ್ಲಿಸಿದೆ', 'ನಾನು ಹೊರಗೆ ಬಂದೆ' ಅಂತ ಎಲ್ಲೂ ಬರೆಯಲಿಲ್ಲ. ಸುಳ್ಳನ್ನೂ ಬರೆಯಲಿಲ್ಲ. ಕಾರು ಓಡಿಸಲು ನನ್ನ ಹೆಸರೂ ಅಳಿಯನ ಹೆಸರೂ ಎರಡೂ ಕೊಟ್ಟಿದ್ದೆವು. ಆ ದಿನ ಓಡಿಸಿದ್ದು ಯಾರು ಅಂತ ಇಲ್ಲೂ ಹೇಳುವುದಿಲ್ಲ! ಚಾಕೊಲೇಟ್ ಕಥೆಯನ್ನೂ ಬಿಟ್ಟೆ. ಸಾಲ ವಿಭಾಗದಲ್ಲಿ ನೂರಾರು ಅರ್ಜಿ ಓದಿದವನಿಗೆ ಗೊತ್ತು, ಉದ್ದ ಬರೆದವರೇ ತಮಗೆ ಬೇಡದ್ದನ್ನು ಒಪ್ಪಿಕೊಂಡಿರುತ್ತಾರೆ.

ತಿಂಗಳೊಳಗೆ ಇಮೇಲ್ ಬಂತು. ತಿರಸ್ಕಾರ. ಪ್ರತಿಗಳ ಬಗ್ಗೆ ಒಂದಕ್ಷರ ಇಲ್ಲ, ಬೋರ್ಡು ಎಷ್ಟು ದೊಡ್ಡದಿತ್ತು ಅನ್ನುವ ವರ್ಣನೆಯೇ ತುಂಬಿತ್ತು. ಕೊನೆಗೊಂದು ಆಮಿಷ: ಇನ್ನು 14 ದಿನದೊಳಗೆ ಕಟ್ಟಿದರೆ ಮತ್ತೆ 60 ಪೌಂಡಿಗೇ ಮುಗಿಸುತ್ತೇವೆ. ಬೇಡವಾದರೆ 28 ದಿನದೊಳಗೆ ಪಾಪ್ಲಾಗೆ ಹೋಗಬಹುದು ಅಂತ ಒಂದು ಕೋಡ್ ಕೊಟ್ಟಿದ್ದರು.

ಪಾಪ್ಲಾ ಅಂದರೆ ಪಾರ್ಕಿಂಗ್ ಕಂಪನಿಗಳ ಒಂದು ಸಂಘದ ಸದಸ್ಯರ ವಿರುದ್ಧ ದೂರು ಕೇಳುವ ಮಧ್ಯಸ್ಥರು. ನಮಗೆ ಶುಲ್ಕ ಇಲ್ಲ. ಅವರ ತೀರ್ಮಾನಕ್ಕೆ ಕಂಪನಿ ಬದ್ಧ, ನಾವು ಅಲ್ಲ. ಇನ್ನೊಂದು ಸಂಘಕ್ಕೆ ಬೇರೆ ವ್ಯವಸ್ಥೆ ಇದೆ. ಸಿಕ್ಕು ಇರುವುದು ಇಲ್ಲೇ. ಪಾಪ್ಲಾಗೆ ಹೋಗಿ ಸೋತರೆ 60ರ ರಿಯಾಯಿತಿ ಹೋಗುತ್ತದೆ, 100 ಆಗುತ್ತದೆ. ಅಂದರೆ ನಾನು ಪಣ ಇಡುತ್ತಿರುವುದು 40 ಪೌಂಡ್, ಗೆದ್ದರೆ ಉಳಿಯುವುದು 60. ಕಾಗದ ನನ್ನ ಕಡೆ ಇದೆ. ಗೋಳಿಬಜೆ ತಿನ್ನುತ್ತಾ ಈ ಲೆಕ್ಕವನ್ನು ಹೆಂಡತಿಗೆ ವಿವರಿಸಿದೆ. "ಸೋತರೆ ಮುಂದಿನ ಸಲ ನಿಮ್ಮ ಚಾಕೊಲೇಟಿನ ದುಡ್ಡಲ್ಲಿ ಕಳೆಯುವುದು" ಅಂತ ಷರತ್ತು ಹಾಕಿ ಒಪ್ಪಿದಳು.

ಪಾಪ್ಲಾಗೆ ಕಳಿಸಿದ್ದು ಅದೇ ವಾದ, ಬಂದ ಹಾಳೆಯ ಸ್ಕ್ಯಾನ್ ಸಮೇತ. ಅದರ ಹಿಂದೆ ಎರಡನೇ ಅಂಶವಾಗಿ ಇನ್ನೊಂದು ಸಾಲು ಸೇರಿಸಿದೆ. ಸಮಯ ಮುಗಿದ ಮೇಲೆ ಹೊರಡಲು ಕನಿಷ್ಠ 10 ನಿಮಿಷ ಬಿಡಬೇಕು ಅನ್ನುವುದು ಅವರ ಸಂಘದ್ದೇ ನಿಯಮ. ಕ್ಯಾಮೆರಾ ಅಳೆಯುವುದು ಗೇಟಿನಿಂದ ಗೇಟಿಗೆ, ಗಾಡಿ ನಿಂತ ಸಮಯವನ್ನಲ್ಲ. 19 ನಿಮಿಷಕ್ಕೆ ಇದೊಂದೇ ಸಾಲದು ಅಂತ ನನಗೂ ಗೊತ್ತಿತ್ತು, ಉಪ್ಪಿನಕಾಯಿಯ ಹಾಗೆ ಬದಿಗಿಟ್ಟೆ.

ನವೆಂಬರಿನಲ್ಲಿ ಎರಡು ಸಾಲಿನ ಇಮೇಲ್ ಬಂತು. ಕಂಪನಿ ಈ ಮೇಲ್ಮನವಿಯನ್ನು ಎದುರಿಸುತ್ತಿಲ್ಲ, ಚಾರ್ಜು ರದ್ದಾಗಿದೆ. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇದನ್ನು ಕೇಳಿದ ಒಬ್ಬರು ಹಂಪನಕಟ್ಟೆಯಲ್ಲಿ ಬಂದ ಪೊಲೀಸ್ ಚಲನ್ ಹಿಡಿದುಕೊಂಡು ಮನೆಗೆ ಬಂದರು. ಅದು ಮೋಟಾರು ವಾಹನ ಕಾಯ್ದೆಯ ದಂಡ ಸ್ವಾಮಿ, ಕಟ್ಟಿ ಅಂದೆ. ಖಾಸಗಿ ಪಾರ್ಕಿಂಗಿನಲ್ಲಿ ಟೋಕನ್ ಕಳೆದರೆ 500 ಕೊಡಿ ಅನ್ನುತ್ತಾರಲ್ಲ, ಅದು ಬೇರೆ. ಅಲ್ಲಿ ನನ್ನ 74ನೇ ಸೆಕ್ಷನ್‌ಗೆ ಬೆಲೆ ಉಂಟು. ಹಾಗೆ ಟೋಕನ್ ಕಳೆದುಕೊಂಡ ತಮ್ಮನ ಮಗ ನಗರದ ಒಂದು ಮಾಲಿನಲ್ಲಿ ಆರ್‌ಸಿ ತೋರಿಸಿ, ನಿಂತಷ್ಟು ಹೊತ್ತಿನ ದುಡ್ಡು ಮಾತ್ರ ಕೊಡುತ್ತೇನೆ, ಜಾಸ್ತಿ ಬೇಕಾದರೆ ಯಾವ ಲೆಕ್ಕಕ್ಕೆ ಅಂತ ರಸೀದಿಯಲ್ಲಿ ಬರೆದು ಕೊಡಿ ಅಂದ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಲೇ ಅಂತಲೂ ಕೇಳಿದ. ಹತ್ತು ನಿಮಿಷ ಗುರಾಯಿಸಿ ಗೇಟು ಎತ್ತಿದರು.

ನನ್ನ ಗೆಲುವಿಗೆ ಒಂದು ಬಾಲ ಇದೆ. ಹೊಣೆ ವರ್ಗಾಯಿಸಿದ್ದಕ್ಕೆ ಅಂತ ಬಾಡಿಗೆ ಕಂಪನಿ ಜೂನ್‌ನಲ್ಲೇ ನನ್ನ ಕ್ರೆಡಿಟ್ ಕಾರ್ಡಿನಿಂದ 36 ಪೌಂಡ್ ಎಳೆದುಕೊಂಡಿತ್ತು. ನೋಟಿಸು ರದ್ದಾಯಿತು, ವಾಪಸ್ ಕೊಡಿ ಅಂತ ಬರೆದೆ. ಮರುದಿನವೇ ಉತ್ತರ ಬಂತು, ಕರಾರಿನ ಪ್ರತಿ ಸಮೇತ. ಇವರು ಪ್ರತಿ ಲಗತ್ತಿಸಲು ಮರೆತಿರಲಿಲ್ಲ. ಚಾರ್ಜು ರದ್ದಾದರೂ ಈ ಶುಲ್ಕ ಮರಳಿಸುವುದಿಲ್ಲ ಅಂತ ಸಣ್ಣಕ್ಷರದಲ್ಲಿತ್ತು. ಕೆಳಗೆ ಸಹಿ ನನ್ನದೇ. ವಿಮಾನ ಇಳಿದ ಸುಸ್ತಿನಲ್ಲಿ, ಕನ್ನಡಕ ಜೇಬಿನಲ್ಲೇ ಇಟ್ಟುಕೊಂಡು ಹಾಕಿದ್ದು. ಹೆಂಡತಿ ಅದನ್ನು ಫ್ರಿಜ್ ಮೇಲೆ ಅಂಟಿಸಿದ್ದಾಳೆ.