ಎದೆಯಲ್ಲಿ ನೀರು ತುಂಬಿದೆಯೇ? ಹಳೇ ಕೆಲಸ ನೆನಪಿಸಿಕೊಳ್ಳಿ

ಕಲ್ನಾರಿನ (ಆಸ್ಬೆಸ್ಟಾಸ್) ದೂಳು ಕುಡಿದು ದುಡಿದವರು ಆಸ್ಪತ್ರೆಯಲ್ಲಿ ಆ ಕೆಲಸದ ಮಾತನ್ನೇ ಎತ್ತುವುದಿಲ್ಲ. ‘ಏನು ಕೆಲಸ?’ ಎಂದು ಡಾಕ್ಟರು ಕೇಳಿದರೆ ‘ರಿಟೈರ್ ಆಗಿದೀನಿ ಸಾರ್’ ಎಂದು ಮುಗಿಸಿಬಿಡುತ್ತಾರೆ. ಈ ದೂಳಿನಿಂದ ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ತಡವಾಗಿ ಪತ್ತೆಯಾಗಲು ಇದೂ ಒಂದು ಕಾರಣ.

ಮೊದಲು ಲಕ್ಷಣಗಳು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಒಂದೇ ಪಕ್ಕೆಯಲ್ಲಿ ಬಿಡದೆ ಕಾಡುವ ನೋವು, ಒಣಕೆಮ್ಮು, ಸುಸ್ತು, ಸುಮ್ಮಸುಮ್ಮನೆ ಇಳಿಯುವ ತೂಕ. ರೋಗ ಹೊಟ್ಟೆಯ ಪೊರೆಗೆ ಬಂದಿದ್ದರೆ ಹೊಟ್ಟೆ ಉಬ್ಬಿ ನೋಯುತ್ತದೆ. ಎರಡು ಮೂರು ವಾರವಾದರೂ ಕಡಿಮೆಯಾಗದಿದ್ದರೆ ಎಕ್ಸ್‌ರೇ ತೆಗೆಸಿ.

ಎಡವುವುದು ಇದರ ನಂತರ. ದೂಳು ಒಳಹೋಗಿ 20ರಿಂದ 50 ವರ್ಷ ಕಳೆದ ಮೇಲೆ ಈ ರೋಗ ತಲೆಯೆತ್ತುತ್ತದೆ. ಹಾಗಾಗಿ ಈಚಿನ ಕೆಲಸ ಹೇಳಿದರೆ ಸಾಲದು. ಒಂದು ಹಾಳೆ ತೆಗೆದುಕೊಂಡು ಮೊಟ್ಟಮೊದಲ ಕೆಲಸದಿಂದ ಬರೆಯಿರಿ: ‘1979–86, ಶೀಟ್ ಕಾರ್ಖಾನೆ, ಚೀಲ ಬಿಚ್ಚಿ ಮಿಕ್ಸರಿಗೆ ಸುರಿಯುವುದು, ಮುಖಕ್ಕೆ ಬರೀ ಟವೆಲ್.’ ಇಷ್ಟು ವಿವರ ಬೇಕು. ಬಾಯ್ಲರಿಗೆ, ಪೈಪಿಗೆ ಕಲ್ನಾರು ಸುತ್ತಿದ್ದು, ಬ್ರೇಕ್ ಲೈನರ್ ಉಜ್ಜಿದ್ದು, ಚಾವಣಿ ಶೀಟ್ ಕೊಯ್ದಿದ್ದು, ಆಂಧ್ರದ ಪುಲಿವೆಂದುಲದ ಕಲ್ನಾರು ಗಣಿ, ಗುಜರಾತಿನ ಆಲಂಗ್‌ನಲ್ಲಿ ಹಡಗು ಒಡೆಯುವ ಕೆಲಸ, ಎಲ್ಲವೂ ಬರಲಿ. ಗಂಡನ ಯೂನಿಫಾರ್ಮ್ ಕೊಡವಿ ಒಗೆದ ಹೆಂಡತಿಗೂ ಈ ರೋಗ ಬರಬಹುದು, ಅವರೂ ಬರೆಯಬೇಕು. ಸಿಗರೇಟು ಮುಟ್ಟದವರೆಂದು ಕೈಬಿಡಬೇಡಿ. ಈ ಕ್ಯಾನ್ಸರಿಗೂ ಸಿಗರೇಟಿಗೂ ಸಂಬಂಧವಿಲ್ಲ. ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಹಾಳೆಯನ್ನೇ ಡಾಕ್ಟರ ಕೈಗೆ ಕೊಟ್ಟು ಫೈಲಿಗೆ ಸೇರಿಸಲು ಹೇಳಿ.

ಇನ್ನು ಎದೆಯ ನೀರು. ಈ ರೋಗದಲ್ಲಿ ಶ್ವಾಸಕೋಶದ ಸುತ್ತ ನೀರು ತುಂಬುವುದುಂಟು. ಅದನ್ನು ತೆಗೆದು ಪರೀಕ್ಷಿಸಿದಾಗ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಹೆಚ್ಚಿದ್ದರೆ ನಮ್ಮಲ್ಲಿ ಮೊದಲ ಅನುಮಾನ ಟಿಬಿ ಮೇಲೆಯೇ. ಟಿಬಿ ಇಷ್ಟೊಂದು ಇರುವ ನಾಡಿನಲ್ಲಿ ಅದು ತಪ್ಪಲ್ಲ. ಆದರೆ ಟಿಬಿ ರೋಗಾಣು ಸಿಗದೆ, ಮಾತ್ರೆ ನುಂಗಿದರೂ ನೀರು ಮತ್ತೆ ಮತ್ತೆ ತುಂಬುತ್ತಿದ್ದರೆ ಸುಮ್ಮನೆ ಕೂರಬೇಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಸಿ.ಟಿ. ಸ್ಕ್ಯಾನ್ ಮತ್ತು ಬಯಾಪ್ಸಿ (ತುಣುಕು ತೆಗೆದು ಮಾಡುವ ಪರೀಕ್ಷೆ) ಬೇಕೇ ಎಂದು ನೇರವಾಗಿ ಕೇಳಿ. ‘ನೀರಿನಲ್ಲಿ ಕ್ಯಾನ್ಸರ್ ಕಣ ಇಲ್ಲ’ ಎಂಬ ವರದಿ ಕಂಡು ನಿರಾಳರಾಗುವವರೇ ಹೆಚ್ಚು. ಈ ರೋಗವಿದ್ದರೂ ನೀರಿನ ಪರೀಕ್ಷೆಯಲ್ಲಿ ಅದು ಆಗಾಗ ಕಣ್ತಪ್ಪಿಬಿಡುತ್ತದೆ. ಎದೆಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ ಪೊರೆಯ ತುಣುಕು ತೆಗೆದು ನೋಡಿದರೇ ಖಚಿತ.

ಕಾರ್ಖಾನೆಗಳಲ್ಲಿ ದೂಳಿಗೆಂದು ಬೆಲ್ಲ ಹಂಚುವ ರೂಢಿಯಿದೆ. ಎದೆಯ ಪೊರೆಗೆ ಹೊಕ್ಕ ನಾರನ್ನು ಬೆಲ್ಲ ಹೊರಗೆ ತರುವುದಿಲ್ಲ. ‘ಶ್ವಾಸಕೋಶ ಶುದ್ಧಿ’ ಎಂದು ಮಾರುವ ಸಿರಪ್‌ಗಳಿಂದಲೂ ಅದು ಆಗದು. ಆ ದುಡ್ಡನ್ನು ಸ್ಕ್ಯಾನಿಗೆ ಇಟ್ಟುಕೊಳ್ಳಿ.

ಕಾಗದಪತ್ರ ಜೋಪಾನ. ಕಲ್ನಾರು ಕಾರ್ಖಾನೆಗಳು ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ನಂತರವೋ ಅಲ್ಲಿಯವರೆಗೆ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಆದೇಶಿಸಿದೆ. ಹಳೆಯ ಕಾರ್ಖಾನೆಗೆ ಅರ್ಜಿ ಬರೆದು ಅದನ್ನು ಕೇಳಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಇಎಸ್‌ಐ ಕಾರ್ಡು, ಸಂಬಳದ ಚೀಟಿ, ಹಳೆಯ ಗುರುತಿನ ಚೀಟಿಗಳನ್ನು ರದ್ದಿಗೆ ಹಾಕಬೇಡಿ. ಪರಿಹಾರ ಕೇಳುವಾಗ ನೀವು ಅಲ್ಲಿ ದುಡಿದಿದ್ದಕ್ಕೆ ಸಾಕ್ಷಿ ಅವೇ.