ಐದು ಕೆವಿಎ ಸಾಲದು ಎಂದವರು ಈಗ ಅಳತೆ ಕೇಳುತ್ತಿದ್ದಾರೆ

ಬೋಟಿಗೆ ಜನರೇಟರ್ ಹಾಕುತ್ತೇನೆ ಅಂದಾಗ ಮಲ್ಪೆ ಬಂದರಿನ ದಕ್ಕೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ: 'ಏನು, ಲೈಟ್ ಫಿಶಿಂಗಾ?' ರಾತ್ರಿ ಪ್ರಖರ ಲೈಟು ಬಿಟ್ಟು ಮೀನು ಸೆಳೆಯುವುದು, 2017ರಲ್ಲೇ ನಿಷೇಧವಾದ ಕೆಲಸ, ನನಗ್ಯಾಕೆ ಆ ರಗಳೆ! ಬೊಂಡಾಸ್ (ಸ್ಕ್ವಿಡ್) ಸೀಸನ್‌ನಲ್ಲಿ ನಮ್ಮದು ಹಗಲು ಬಲೆ, ರಾತ್ರಿ ಲಂಗರು. ನಾಲ್ಕು ಲೈಟು, ಬ್ಯಾಟರಿ ಚಾರ್ಜು ಅಂತ ದೊಡ್ಡ ಇಂಜಿನ್ ಸುಮ್ನೆ ಓಡುತ್ತಿತ್ತು. ಗಂಟೆಗೆ ನಾಲ್ಕೈದು ಲೀಟರ್ ಡೀಸೆಲ್ ಹೊಗೆ.

ಮೊದಲು ಅಗ್ಗ ಅಂತ ಪೆಟ್ರೋಲಿನದ್ದು ತಂದೆ, ಸುಮಾರು ನಲವತ್ತು ಸಾವಿರ. ಒಂದೇ ಸೀಸನ್‌ಗೆ ಉಪ್ಪುಗಾಳಿಗೆ ಟರ್ಮಿನಲ್ ಎಲ್ಲ ಹಸಿರಾಯಿತು. ಅದು ಹೋಗಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಚೆಲ್ಲಿದರೆ ಬೋಟಿನ ಅಡಿಗೆ ಇಳಿದು ಕೂರುತ್ತದೆ. ಪಕ್ಕದಲ್ಲೇ ಅಡುಗೆ ಒಲೆ. ನೆನೆದರೆ ಈಗಲೂ ನಡುಕ.

ನಿಜವಾದ ಪಾಠ ಒಂದು ಮಳೆಯ ರಾತ್ರಿ ಆಯಿತು. ನೆನೆಯಬಾರದು ಅಂತ ಜನರೇಟರ್ ಮೇಲೆ ಟಾರ್ಪಾಲ್ ಕಟ್ಟಿದ್ದೆವು, ಹೊಗೆ ಕ್ಯಾಬಿನ್ ಕಡೆಗೆ ತಿರುಗಿತ್ತು. ಇಬ್ಬರು ಕಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ತಲೆನೋವು, ವಾಂತಿ ಅಂತ ಎದ್ದರು. ಮೀನು ಹಳಸಿತ್ತು ಅಂತ ಅಡುಗೆಯವನಿಗೆ ಬೈದೆವು, ಪಾಪ. ಹೊರಗೆ ಗಾಳಿಗೆ ಕೂತ ಮೇಲೆ ಇಬ್ಬರೂ ಸರಿಹೋದರು. ಆಗ ಹೊಳೆಯಿತು, ಅದು ಕಾರ್ಬನ್ ಮೊನಾಕ್ಸೈಡ್. ವಾಸನೆ ಇಲ್ಲ, ಬಣ್ಣ ಇಲ್ಲ. ಇನ್ನೊಂದು ಗಂಟೆ ಮಲಗಿದ್ದರೆ ಏಳುತ್ತಿರಲಿಲ್ಲವೋ ಏನೋ.

ಆಮೇಲೆ ತಂದದ್ದು ಡೀಸೆಲ್ ಜನರೇಟರ್, 5 ಕೆವಿಎ (ಎಷ್ಟು ಲೋಡ್ ಎಳೆಯುತ್ತದೆ ಅನ್ನುವ ಅಳತೆ), ಸಿಂಗಲ್ ಸಿಲಿಂಡರ್. ಫಿಟ್ಟಿಂಗ್ ಸೇರಿ ಒಂದು ಲಕ್ಷದ ಹತ್ತಿರ ಬಿತ್ತು. ಬೋಟಿನಲ್ಲಿ ಒಂದು ಎಚ್‌ಪಿ ಪಂಪ್ ಇದೆಯಲ್ಲ, 10 ಕೆವಿಎ ಇಲ್ಲದೆ ಎತ್ತುವುದಿಲ್ಲ ಅಂದರು ಎಲ್ಲರೂ. ಸ್ಟಾರ್ಟ್ ಆಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಸುಳ್ಳಲ್ಲ. ಆದರೆ ನಾನು ಮೊದಲು ಪಂಪ್ ಒಬ್ಬನನ್ನೇ ಎಬ್ಬಿಸುತ್ತೇನೆ, ಆಮೇಲೆ ಲೈಟು, ಚಾರ್ಜರ್. ಒಂದು ಕ್ಷಣ ಗುಡುಗುಟ್ಟಿ ಸುಧಾರಿಸಿಕೊಳ್ಳುತ್ತದೆ. 10 ತಂದು ಕಾಲುಭಾಗ ಲೋಡ್‌ನಲ್ಲಿ ಓಡಿಸಿದವರ ಸೈಲೆನ್ಸರ್ ಮಸಿ ಕಟ್ಟಿದ್ದನ್ನು ನಾನೇ ಬಿಚ್ಚಿಕೊಟ್ಟಿದ್ದೇನೆ.

ಇಟ್ಟದ್ದು ಬೋಟಿನ ಹಿಂಭಾಗದಲ್ಲಿ, ಹೊಗೆ ಪೈಪ್ ಹೊರಕ್ಕೆ, ತುದಿ ಮೇಲಕ್ಕೆ ಬಾಗಿ ಕೆಳಗೆ ನೋಡುವ ಹಾಗೆ. ಮೂತಿಯಿಂದ ಲಂಗರು ಹಾಕಿದರೆ ಬೋಟು ಸಾಮಾನ್ಯವಾಗಿ ಗಾಳಿಗೆ ಮುಖ ಮಾಡುತ್ತದೆ, ಹೊಗೆ ಹಿಂದಕ್ಕೆ ಹೋಗುತ್ತದೆ. ನೀರಿನ ಸೆಳೆತ ಜೋರಿದ್ದರೆ ಈ ಲೆಕ್ಕ ತಪ್ಪುತ್ತದೆ. ಗಾಳಿ ಸತ್ತ ರಾತ್ರಿ ಬಂದ್. ದಕ್ಕೆಯಲ್ಲಿ ಬೋಟಿಗೆ ಬೋಟು ತಾಗಿಸಿ ಕಟ್ಟಿದಾಗ ಮುಟ್ಟುವುದೇ ಇಲ್ಲ, ಪಕ್ಕದವರೂ ಮಲಗಿರುತ್ತಾರೆ ಅಲ್ವಾ? ನಡುಗುವ ಸದ್ದು ತಡೆಯಲು ಅಡಿಗೆ ಏನು ಹಾಕಿದೆ ಅಂತ ಇಲ್ಲಿ ಬರೆಯುವುದಿಲ್ಲ. ಬೋಟ್ ಹತ್ತಿ ನೋಡಿ.

ಶಾಕ್ ವಿಷಯದಲ್ಲೂ ಮೋಸ ಹೋದೆ. ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್, ಆರ್‌ಸಿಸಿಬಿ, ಹಾಕಿಸಿದ್ದೆ, ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತಿತ್ತು, ನಿಶ್ಚಿಂತೆಯಿಂದ ಇದ್ದೆ. ಆದರೆ ಜನರೇಟರಿನ ನ್ಯೂಟ್ರಲ್ ವೈರ್ ಅದರ ಲೋಹದ ಬಾಡಿಗೆ ಸೇರಿರಲೇ ಇಲ್ಲ. ಹಾಗಿದ್ದರೆ ಪಂಪಿನ ಬಾಡಿಗೆ ಕರೆಂಟ್ ಇಳಿದರೂ ಆರ್‌ಸಿಸಿಬಿ ಬೀಳುವುದಿಲ್ಲ. ಬಲ್ಲ ಎಲೆಕ್ಟ್ರಿಷಿಯನ್ ಬಂದು ಸೇರಿಸಿ, ಬಾಡಿಯನ್ನು ದೊಡ್ಡ ಇಂಜಿನ್ನಿಗೆ ಅರ್ತ್ ಮಾಡಿದ. ಇದನ್ನು ಮಾತ್ರ ನೀವೇ ಮಾಡಲು ಹೋಗಬೇಡಿ.

ನಡುವೆ ಕ್ಯಾಬಿನ್ ಮೇಲೆ ಎರಡು ಸೋಲಾರ್ ಪ್ಯಾನಲ್ಲನ್ನೂ ಹಾಕಿ ನೋಡಿದೆ. ಜಿಪಿಎಸ್, ವೈರ್‌ಲೆಸ್‌ಗೆ ಸಾಕು, ಆದರೆ ಕಡಲಹಕ್ಕಿಗಳ ಹಿಕ್ಕೆ ಒರೆಸಲು ಒಬ್ಬ ಬೇಕು.

ಈಗ ಸಂಜೆ ಮೂರು ಗಂಟೆ ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸುತ್ತೇವೆ, ಮಲಗುವಾಗ ಆಫ್. ಗಂಟೆಗೆ ಒಂದು ಲೀಟರ್ ಆಸುಪಾಸು. ಎಂಟು ದಿನದ ಟ್ರಿಪ್ಪಿಗೆ ಸುಮಾರು ಇನ್ನೂರು ಲೀಟರ್ ಉಳಿಯುತ್ತದೆ. 10 ಕೆವಿಎ ಬೇಕು ಅಂದಿದ್ದ ತಾಂಡೇಲರೊಬ್ಬರು (ಬೋಟ್ ನಡೆಸುವವರು) ಮೊನ್ನೆ ಟೇಪ್ ಹಿಡಿದು ಬಂದು ನನ್ನ ಸ್ಟ್ಯಾಂಡಿನ ಅಳತೆ ತೆಗೆದುಕೊಂಡು ಹೋದರು. ಅಡಿಯಲ್ಲಿ ಏನಿದೆ ಅಂತ ಬಗ್ಗಿ ನೋಡಲಿಲ್ಲ.