ಮೆದುಳಿನ ಗಡ್ಡೆ: ಬಯಾಪ್ಸಿ ರಿಪೋರ್ಟ್ ಓದುವುದು ಹೇಗೆ

ಎಂಆರ್‌ಐ ರಿಪೋರ್ಟಿನ ಕೊನೆಗೆ 'ಹೈ ಗ್ರೇಡ್ ಗ್ಲಯೋಮಾ ಇರಬಹುದು' (ಮೆದುಳಿನ ಆಧಾರ ಕೋಶಗಳಿಂದ ಹುಟ್ಟಿ ವೇಗವಾಗಿ ಬೆಳೆಯುವ ಗಡ್ಡೆ) ಎಂದಿದ್ದರೆ ಅದು ಸ್ಕ್ಯಾನ್ ನೋಡುವ ರೇಡಿಯಾಲಜಿಸ್ಟರ ಅಂದಾಜು. ಗಡ್ಡೆಯ ಹೆಸರು ಖಚಿತವಾಗುವುದು ಸಾಮಾನ್ಯವಾಗಿ ತೆಗೆದ ಚೂರನ್ನು ಪೆಥಾಲಜಿಯವರು ಪರೀಕ್ಷಿಸಿದ ಮೇಲೆಯೇ. ಅಲ್ಲಿಯವರೆಗೆ 'ಎಷ್ಟು ವರ್ಷ ಬದುಕುತ್ತಾರೆ' ಎಂದು ಗೂಗಲ್‌ನಲ್ಲಿ ಹುಡುಕಬೇಡಿ. ಬೇರೆ ಯಾವುದೋ ಗಡ್ಡೆಯ ಲೆಕ್ಕ ಓದಿ ಹೆದರುತ್ತೀರಿ.

ಮೊದಲು ಕೇಳಬೇಕಾದ್ದು: ಇದು ಮೆದುಳಲ್ಲೇ ಹುಟ್ಟಿದ್ದೋ, ಬೇರೆಡೆಯಿಂದ ಹರಡಿದ್ದೋ? ಶ್ವಾಸಕೋಶ, ಸ್ತನ, ಕಿಡ್ನಿಯ ಕ್ಯಾನ್ಸರ್ ಮೆದುಳಿಗೆ ಬಂದರೆ ಔಷಧಿಯ ಆಯ್ಕೆ ಮೂಲ ಕ್ಯಾನ್ಸರನ್ನೇ ಅನುಸರಿಸುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯಾದರೆ ಆಪರೇಷನ್ನಿಗೆ ಮೊದಲೇ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಪರೀಕ್ಷೆ ಆಗಿರಬೇಕು, ಏಕೆಂದರೆ ಈ ಹಾರ್ಮೋನು ಸುರಿಸುವ ಪ್ರೊಲ್ಯಾಕ್ಟಿನೋಮಾ ಎಂಬ ಗಡ್ಡೆ ಬಹುತೇಕ ಕ್ಯಾಬರ್ಗೋಲಿನ್ ಮಾತ್ರೆಗೇ ಕುಗ್ಗುತ್ತದೆ. ಮೆನಿಂಜಿಯೋಮಾ ಮೆದುಳಿನ ಹೊದಿಕೆಯಲ್ಲಿ ಹುಟ್ಟುತ್ತದೆ, ಹೆಚ್ಚಿನವು ಗ್ರೇಡ್ 1. ಆದರೆ ಗ್ರೇಡ್ 1 ಎಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ, ಮೆದುಳಿನ ಕಾಂಡದ (ಬ್ರೈನ್ ಸ್ಟೆಮ್) ಪಕ್ಕ ಕೂತಿದ್ದರೆ ಅದನ್ನು ತೆಗೆಯುವುದೇ ಕಷ್ಟ.

ಇಲ್ಲಿ ಸ್ಟೇಜ್‌ಗಿಂತ (ಎಷ್ಟು ಹರಡಿದೆ ಎಂಬುದಕ್ಕಿಂತ) ಗ್ರೇಡ್ ಮುಖ್ಯ. 1ರಿಂದ 4ರವರೆಗೆ, ಏರಿದಷ್ಟೂ ಬೆಳವಣಿಗೆಯ ವೇಗ ಹೆಚ್ಚು.

ಗ್ಲಯೋಮಾದ ರಿಪೋರ್ಟನ್ನು ಮಾತ್ರ ನಿಧಾನವಾಗಿ ಓದಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದ ಪ್ರಕಾರ ವಯಸ್ಕರಲ್ಲಿ ಹೆಸರನ್ನು ನಿರ್ಧರಿಸುವುದು ಜೀನ್ ಪರೀಕ್ಷೆ. ಐಡಿಎಚ್ ಎಂಬ ಜೀನಿನಲ್ಲಿ ಮ್ಯುಟೇಷನ್ (ಬದಲಾವಣೆ) ಇದ್ದು, ಜೊತೆಗೆ 1ಪಿ, 19ಕ್ಯೂ ಎಂಬ ಕ್ರೋಮೋಸೋಮ್ ತುಂಡುಗಳು ಎರಡೂ ಕಳೆದುಹೋಗಿದ್ದರೆ ಆಲಿಗೋಡೆಂಡ್ರೋಗ್ಲಯೋಮಾ; ಅವು ಉಳಿದಿದ್ದರೆ ಆಸ್ಟ್ರೋಸೈಟೋಮಾ. ಐಡಿಎಚ್ ಮ್ಯುಟೇಷನ್ ಇಲ್ಲದ ಗಡ್ಡೆ ಮೈಕ್ರೋಸ್ಕೋಪಿನಲ್ಲಿ ಗ್ರೇಡ್ 2ರಂತೆ ಕಂಡರೂ, ಟರ್ಟ್ ಜೀನಿನ ಪ್ರೊಮೋಟರ್ ಮ್ಯುಟೇಷನ್ ಅಥವಾ ಇಜಿಎಫ್ಆರ್ ಆಂಪ್ಲಿಫಿಕೇಷನ್ (ಆ ಜೀನಿನ ಪ್ರತಿಗಳು ಹೆಚ್ಚಿರುವುದು) ಸಿಕ್ಕರೆ ಅದು ಗ್ರೇಡ್ 4ರ ಗ್ಲಯೋಬ್ಲಾಸ್ಟೋಮಾ. ಮೊದಲ ರಿಪೋರ್ಟಿನಲ್ಲಿ 2, ಹದಿನೈದು ದಿನ ಬಿಟ್ಟು 4 ಎಂದು ಬಂದರೆ ಲ್ಯಾಬ್ ತಪ್ಪು ಮಾಡಿದೆ ಎಂದು ಜಗಳಕ್ಕೆ ಹೋಗುವ ಮುನ್ನ ಎರಡನೆಯದರಲ್ಲಿ ಈ ಜೀನ್ ಫಲಿತಾಂಶ ಸೇರಿದೆಯೇ ನೋಡಿ. ಎಂಜಿಎಂಟಿ ಮೆಥಿಲೇಷನ್ (ಇನ್ನೊಂದು ಜೀನಿನ ಸ್ಥಿತಿ) ಎಂಬ ಸಾಲು ಹೆಸರನ್ನು ಬದಲಿಸುವುದಿಲ್ಲ. ಗ್ಲಯೋಬ್ಲಾಸ್ಟೋಮಾದಲ್ಲಿ ಟೆಮೊಜೊಲೊಮೈಡ್ ಎಂಬ ಕೀಮೋ ಔಷಧಿ ಎಷ್ಟು ಕೆಲಸ ಮಾಡಬಹುದು ಎಂಬುದರ ಸುಳಿವು ಕೊಡುತ್ತದೆ.

ಎಡವುವುದು ಹೆಚ್ಚಾಗಿ ಎರಡು ಕಡೆ. 'ಐಡಿಎಚ್1 ಆರ್132ಎಚ್ ನೆಗೆಟಿವ್' ಎಂದರೆ ಅತಿ ಸಾಮಾನ್ಯವಾದ ಒಂದು ಮ್ಯುಟೇಷನ್ ಇಲ್ಲ ಎಂದಷ್ಟೇ ಅರ್ಥ. ರೋಗಿಯ ವಯಸ್ಸು 55ಕ್ಕಿಂತ ಕಡಿಮೆಯಿದ್ದರೆ ಉಳಿದ ಐಡಿಎಚ್ ಮ್ಯುಟೇಷನ್‌ಗಳನ್ನೂ ಹುಡುಕುವ ಸೀಕ್ವೆನ್ಸಿಂಗ್ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಇನ್ನೊಂದು, ಹೆಸರಿನ ಮುಂದೆ 'ಎನ್ಒಎಸ್' (ನಿಖರವಾಗಿ ಹೆಸರಿಸಿಲ್ಲ) ಎಂದಿದ್ದರೆ ಅಗತ್ಯವಾದ ಜೀನ್ ಪರೀಕ್ಷೆ ಆಗಿಲ್ಲ, ಅಥವಾ ಫಲಿತಾಂಶ ಬಂದಿಲ್ಲ. ಬಾಕಿ ಏನಿದೆ ಎಂದು ಬರೆಸಿಕೊಳ್ಳಿ.

ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಶುರುವಾಗಿ ಒಂದೆರಡು ದಿನದಲ್ಲಿ ತಲೆನೋವು ಇಳಿದರೆ ಇಳಿದದ್ದು ಗಡ್ಡೆಯ ಸುತ್ತಲಿನ ಊತ. ಇದರಿಂದ ರಕ್ತದ ಸಕ್ಕರೆ ಏರಬಹುದು, ಪರೀಕ್ಷಿಸುತ್ತಿರಿ. ಮಾತ್ರೆಯನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್) ಶಂಕೆಯಿದ್ದರೆ ಸಾಧ್ಯವಾದಷ್ಟೂ ಬಯಾಪ್ಸಿ ಆಗುವವರೆಗೆ ಸ್ಟೀರಾಯ್ಡ್ ತಡೆಹಿಡಿಯುತ್ತಾರೆ, ಇಲ್ಲದಿದ್ದರೆ ಗಡ್ಡೆ ಕರಗಿ ಚೂರಿನಲ್ಲಿ ಏನೂ ಸಿಗದೆ ಹೋಗಬಹುದು.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟಿನ ಜೆರಾಕ್ಸ್ ಸಾಲದು. ಸ್ಲೈಡುಗಳು, ಪ್ಯಾರಾಫಿನ್ ಬ್ಲಾಕ್ (ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಗಟ್ಟಿ), ಎಂಆರ್‌ಐ ಸಿಡಿ ಮೂರೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನ್ಯೂರೋಪೆಥಾಲಜಿ ವಿಭಾಗವಿದೆ. ಬ್ಲಾಕ್ ಮೇಣದ್ದು, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಕೊಟ್ಟದ್ದಕ್ಕೆ ರಸೀದಿ ಪಡೆದು, ಪರೀಕ್ಷೆ ಮುಗಿದ ಮೇಲೆ ಮರಳಿ ತನ್ನಿ.